ನಿರ್ಣಾದ ಬೋರಿಗೆ ಸುರಿದ ಸಗಣಿ

ಕೊರೊನಾ ಮುಗಿದ ಮರುವರ್ಷ ನಾನು ಬಸವಕಲ್ಯಾಣದ ಒಬ್ಬ ಗುತ್ತಿಗೆದಾರರ ಕೋರ್ ಡ್ರಿಲ್ಲಿಂಗ್ ರಿಗ್ಗಿಗೆ ಮುಖ್ಯ ಡ್ರಿಲ್ಲರ್ ಆಗಿದ್ದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಹಿಡಿದ ಕಸುಬು. ಕೈ ಹಾಕಿದ ಒಂದು ಬೋರೂ ಅರ್ಧಕ್ಕೆ ನಿಂತಿರಲಿಲ್ಲ. ಈ ಮಾತನ್ನು ಕೇಳದವರಿಗೂ ಹೇಳುತ್ತಿದ್ದೆ.

ಕೋರ್ ಡ್ರಿಲ್ಲಿಂಗ್ ಅಂದರೆ ನೀರಿನ ಬೋರ್ ಅಲ್ಲ. ವಜ್ರದ ಚೂರು ಕೂಡಿಸಿದ ಪೊಳ್ಳು ಬಿಟ್ ತಿರುಗುತ್ತಾ ಇಳಿಯುತ್ತದೆ. ಒಳಗೆ ಬಂಡೆ ಕಬ್ಬಿನ ಗಳದಂತೆ ಉದ್ದಕ್ಕೆ ಉಳಿಯುತ್ತದೆ. ಅದೇ ಕೋರ್. ಬಿಟ್ ಸುಡದಂತೆ ಸದಾ ನೀರು ಪಂಪ್ ಮಾಡಬೇಕು, ಆ ನೀರು ತಿರುಗಿ ಮೇಲೆ ಬರಬೇಕು.

ಆ ಸಲ ಕೆಲಸ ಕೊಟ್ಟವರು ಸಂಶೋಧಕರು. ಜಾಗ ನಿರ್ಣಾ ಊರಿನ ಹೊರಗೆ. ನಿಗಾ ವಹಿಸಿದ್ದವಳು ಪಿಎಚ್‌ಡಿ ಮಾಡುತ್ತಿದ್ದ ಸವಿತಾ, ಅಲ್ಲಿಯದೇ ಸೀಮೆಯ ಕೊಡಂಬಲ ಊರಿನ ಮಗಳು. ಮೊದಲ ದಿನವೇ ನನ್ನನ್ನು ಕಾಕಾ ಅಂದಳು. ಬಿಸಿಲು, ಗಾಳಿ ಮುಟ್ಟದ ಕರಿಕಲ್ಲಿನ ಬಿರುಕಿನಲ್ಲಿ ಜೀವ ಇದೆಯೇ ಎಂಬುದು ಅವಳ ಹುಡುಕಾಟ. ಕಲ್ಲು, ನೀರು ಕೂಡಿ ಹುಟ್ಟುವ ಹೈಡ್ರೋಜನ್ ತಿಂದು ಮೀಥೇನ್ ಬಿಡುವ ಸೂಕ್ಷ್ಮಜೀವಿಗಳು ಇವೆಯಂತೆ. ಭೂಮಿಯ ಮೊದಮೊದಲ ಜೀವವೂ ಹಾಗೇ ಬದುಕಿರಬಹುದು ಎಂದು ಕೆಲವು ವಿಜ್ಞಾನಿಗಳ ಅಂದಾಜು.

"ನಾವೂ ಕಲ್ಲು ತಿಂದೇ ಬದುಕಾಕತ್ತೇವಿ ಬಿಡವ್ವ," ಅಂದಿದ್ದೆ. ನಕ್ಕಳು.

ಅವಳದು ಒಂದೇ ಶರತ್ತು. ಬೋರಿನೊಳಗೆ ಏನೇ ಹೋಗಲಿ, ಟ್ಯಾಂಕರ್ ನೀರಾಗಲಿ ಗ್ರೀಸಾಗಲಿ, ಅದರಲ್ಲಿ ಒಂದು ಬಾಟಲಿ ತೆಗೆದಿಡಬೇಕು. ನಮ್ಮಿಂದ ಹೋದ ಜೀವಿ ಯಾವುದು, ಕಲ್ಲಿನದು ಯಾವುದು ಎಂದು ಆಮೇಲೆ ಬೇರ್ಪಡಿಸಲು.

ತೊಂಬತ್ತಾರನೇ ಮೀಟರಿಗೆ ನೀರು ವಾಪಸ್ ಬರುವುದು ನಿಂತಿತು. ಕೆಳಗೆ ದೊಡ್ಡ ಬಿರುಕು, ಹಾಕಿದ್ದೆಲ್ಲ ನುಂಗುತ್ತಿತ್ತು. ಸವಿತಾ ಹಿಂದಿನ ಕೋರುಗಳನ್ನು ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಕಳಿಸಲು ಹುಮನಾಬಾದಿಗೆ ಹೋಗಿದ್ದಳು. ತಡ ಮಾಡಿದರೆ ಬಿಟ್ ಹೊತ್ತ ರಾಡ್ ಒಳಗೇ ಸಿಕ್ಕಿಬಿದ್ದು ಬೋರ್ ಕೈಬಿಡಬೇಕಾಗುತ್ತದೆ. ಇಂಥ ಬಿರುಕು ಮುಚ್ಚಲು ನಮ್ಮಲ್ಲಿ ಹಳೆಯ ಉಪಾಯವಿದೆ: ಸಗಣಿ ಕದಡಿ ಸುರಿಯುವುದು.

ಜೊತೆಗಾರ ಖಾಜಾ ಅಂದ, "ಉಸ್ತಾದ್, ಮೇಡಮ್ಮಗ ಒಂದ್ ಫೋನ್ ಹಚ್ಚರಿ."

"ಇಷ್ಟ್ ವರ್ಷ ಯಾರನ್ನ ಕೇಳಿ ಬೋರ್ ಹೊಡದೀನಿ?" ಅಂದೆ. ಪಕ್ಕದ ಕೊಟ್ಟಿಗೆಯಿಂದ ಆರು ಬುಟ್ಟಿ ತರಿಸಿ, ಕದಡಿ ಸುರಿಸಿದೆ; ಬಾಟಲಿ ತೆಗೆದಿಡಲಿಲ್ಲ. ತಾಸಿನೊಳಗೆ ನೀರು ತಿರುಗಿ ಮೇಲೆ ಬಂತು.

ಸಂಜೆ ಬಂದ ಸವಿತಾ, ಏನಾದರೂ ತೊಂದರೆ ಆಯಿತೇ ಎಂದು ಕೇಳಿದಳು. "ನಾ ಇರೂತನ ಏನಾಗ್ತದವ್ವ," ಅಂದೆ. ಖಾಜಾ ನೆಲ ನೋಡಿದ. ನೂರಾ ಇಪ್ಪತ್ತು ಮೀಟರಿಗೆ ಕೆಲಸ ಮುಗಿಸಿದೆವು.

ಐದು ತಿಂಗಳ ಮೇಲೆ ಅವಳ ಫೋನ್ ಬಂತು. ತೊಂಬತ್ತಾರರ ಕೆಳಗಿನ ಕೋರಿನಲ್ಲಿ ಮೀಥೇನ್ ಬಿಡುವ ಜೀವಿಗಳು ಸಿಕ್ಕಿದ್ದವು. ಖುಷಿಗೆ ಅವಳ ಮಾತು ತಡವರಿಸುತ್ತಿತ್ತು. ಗೋಬರ್ ಗ್ಯಾಸ್ ಅಂದರೂ ಮೀಥೇನೇ; ಅದು ಎಲ್ಲಿಂದ ಬರುತ್ತದೆ ಎಂದು ಆರನೇ ಇಯತ್ತೆಯವನಿಗೂ ಗೊತ್ತು. ಆಗಲಾದರೂ ಬಾಯಿ ಬಿಡಬೇಕಿತ್ತು. ಛಲೋ ಆಯ್ತವ್ವ ಎಂದು ಫೋನ್ ಇಟ್ಟೆ.

ಬೇಸಿಗೆಯಲ್ಲಿ ಆಕೆ ಬಸವಕಲ್ಯಾಣಕ್ಕೆ, ನಮ್ಮ ಮನೆಗೇ ಬಂದಳು. ಡಿಎನ್‌ಎ ಓದಿಸಿದ್ದರು. ಆ ಜೀವಿಗಳು ದನದ ಹೊಟ್ಟೆಯಲ್ಲಿರುವವುಗಳ ಬಳಗ. ಚಹಾ ಮುಟ್ಟದೆ ಕೇಳಿದಳು, "ಸಗಣಿ ಹಾಕಿದ್ರೇನ್ರಿ ಕಾಕಾ?"

"ಹೌದವ್ವ."

ಅದೇ ಕೊಟ್ಟಿಗೆಯ ಸಗಣಿ ಇವತ್ತೇ ತಂದುಕೊಡುತ್ತೇನೆ ಅಂದೆ. ತಲೆ ಅಲ್ಲಾಡಿಸಿದಳು.

"ಆವತ್ತಿಂದು ಬೇಕಿತ್ರಿ. ಹಾಕಬಾರದಿತ್ತು ಅನ್ನಾಕತ್ತಿಲ್ಲ ನಾ. ಒಂದ್ ಬಾಟ್ಲಿ ತೆಗೆದಿಟ್ಟು ಹೇಳಿದ್ರ, ಸಗಣಿದು ಕಳದು ಉಳದದ್ದು ಕಲ್ಲಿಂದು ಅಂತಿದ್ದೆ. ಈಗ ಉಳದದ್ದನ್ನೂ ಯಾರೂ ನಂಬಂಗಿಲ್ಲ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಜೀವ ಏನೂ ಸಿಗದಿದ್ದ, ಮೇಲಿನ ತೊಂಬತ್ತಾರು ಮೀಟರ್ ಕಲ್ಲಿನ ಬಗ್ಗೆಯಷ್ಟೇ ಪ್ರಬಂಧ ಬರೆದು ಮುಗಿಸಿದಳಂತೆ. ಕೆಳಗೆ ನಿಜವಾಗಿ ಏನಾದರೂ ಬದುಕಿತ್ತೋ ಇಲ್ಲವೋ, ಆ ಬೋರಿನಿಂದ ಇನ್ನು ತಿಳಿಯುವುದಿಲ್ಲ.

ಬೋರಿನೊಳಗೆ ಏನಿದೆ ಎಂದು ಓದಿದವರು ಹೇಳುತ್ತಾರೆ. ಒಳಗೆ ಏನು ಹಾಕಿದೆವು ಎಂದು ಹೇಳಬೇಕಾದವರು ನಾವು. ಅವರ ವಿದ್ಯೆ ಶುರುವಾಗುವುದೇ ನಮ್ಮ ಆ ಒಂದು ಮಾತಿನಿಂದ. ಇದು ನನಗೆ ತಿಳಿಯುವಷ್ಟರಲ್ಲಿ ಸವಿತಾಳ ಕಲ್ಲು ಕೆಟ್ಟುಹೋಗಿತ್ತು.