ಏಳನೇ ಝೋನಿನ ಚರಗ

ಬೀಳಗಿ ರಸ್ತೆಯ ಒಂದು ಸೋಲಾರ್ ಪ್ಲಾಂಟಿನಲ್ಲಿ ಬೇಲಿ ನೋಡಿಕೊಳ್ಳುವುದು ನನ್ನ ಕೆಲಸ. ಕೋಲು ಹಿಡಿದು ನಿಲ್ಲುವುದಲ್ಲ. ತಂತಿ ಜಾಲರಿಯ ಉದ್ದಕ್ಕೂ ಒಂದು ಕರಿ ಕೇಬಲ್ ಕಟ್ಟಿದೆ. ಯಾರಾದರೂ ಹತ್ತಿದರೆ, ಕತ್ತರಿಸಿದರೆ ಜಾಲರಿ ನಡುಗುತ್ತದೆ, ಕೇಬಲ್ಲಿಗೆ ಅದು ತಿಳಿಯುತ್ತದೆ, ಕಂಟ್ರೋಲ್ ರೂಮಿನಲ್ಲಿ ಸೈರನ್ ಕೂಗುತ್ತದೆ. ಬೇಲಿಯ ಯಾವ ಝೋನ್ ಎಂಬುದು ಪರದೆಯ ಮೇಲೆ ಕೆಂಪಗೆ ಕಾಣುತ್ತದೆ. ತೊಂದರೆ ಏನೆಂದರೆ ಅದಕ್ಕೆ ಕಳ್ಳನೂ ಒಂದೇ, ಗಾಳಿಯೂ ಒಂದೇ. ನಾನು ಸೇರಿದ ಹೊಸತರಲ್ಲಿ ಅದು ಸುಮ್ಮಸುಮ್ಮನೆ ಎಷ್ಟು ಕೂಗುತ್ತಿತ್ತೆಂದರೆ ಕಾವಲಿನವರು ಸೈರನ್ನಿನ ವೈರನ್ನೇ ಕಿತ್ತಿಟ್ಟು ಚಹಾ ಕುಡಿಯುತ್ತಿದ್ದರು.

ಸುಳ್ಳು ಅಲಾರಂ ಸೊನ್ನೆಗೆ ಬರಬೇಕು ಎಂದು ಮ್ಯಾನೇಜರ್ ಹೇಳಿದ. ಹೇಳುವವನಿಗೇನು, ಎ.ಸಿ. ರೂಮು. ಕೇಬಲ್ಲಿನ ಕಿವಿ ಮಂದ ಮಾಡಿದರೆ ಒಂದೇ ದಿನದಲ್ಲಿ ಎಲ್ಲ ತಣ್ಣಗಾಗುತ್ತಿತ್ತು, ಆದರೆ ಆಮೇಲೆ ಕಳ್ಳ ಬಂದರೂ ಕೇಳುತ್ತಿರಲಿಲ್ಲ. ನಾನು ಹಾಗೆ ಮಾಡಲಿಲ್ಲ. ಬಿಸಿಲಲ್ಲಿ ನಡೆದು ಸಡಿಲಾದ ಜಾಲರಿ ಬಿಗಿದೆ, ತಾಗುತ್ತಿದ್ದ ಜಾಲಿ ಕಂಟಿ ಕಡಿಸಿದೆ, ಗಾಳಿಗೆ ಬಡಿಯುತ್ತಿದ್ದ ತಗಡಿನ ಬೋರ್ಡು ಬಿಚ್ಚಿಸಿದೆ. ಒಂದೊಂದೇ ಝೋನ್ ಸುಮ್ಮನಾಯಿತು.

ಏಳನೇ ಝೋನ್ ಸುಮ್ಮನಾಗಲಿಲ್ಲ. ಎಳ್ಳು ಅಮಾವಾಸ್ಯೆಯ ಮಧ್ಯಾಹ್ನ ಅದು ಕೂಗಿದಾಗ ಕಾವಲಿನವನ ಜೊತೆ ನಾನೂ ಓಡಿದೆ. ಬೇಲಿಯ ಆಚೆ ನನ್ನ ದೊಡ್ಡವ್ವ ನಿಂತಿದ್ದಳು. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ನೀರಿನ ತಂಬಿಗೆ. “ಹುಲ್ಲುಲ್ಲಿಗೋ” ಎಂದು ಕೂಗುತ್ತ ಸಜ್ಜೆ ಕಡುಬು ಮುರಿದು, ಪುಂಡಿ ಪಲ್ಯದ ಜೊತೆ ಜಾಲರಿಯ ಮೇಲಿಂದ ಒಳಗೆ ಎಸೆಯುತ್ತಿದ್ದಳು. ಅರ್ಧ ಜಾಲರಿಗೇ ಬಡಿಯುತ್ತಿತ್ತು. ಆ ದಿನ ಹೊಲದಲ್ಲಿ ಭೂಮ್ತಾಯಿಗೆ ಚರಗ ಎಂದು ಊಟ ಚೆಲ್ಲದೆ ನಮ್ಮ ಕಡೆ ಯಾರೂ ಉಣ್ಣುವುದಿಲ್ಲ. ಏಳನೇ ಝೋನಿನ ಒಳಗಿನ ನಾಲ್ಕೆಕರೆ ಮೊದಲು ನಮ್ಮದು. ದೊಡ್ಡಪ್ಪ ಅವಳನ್ನು ಒಂದು ಮಾತೂ ಕೇಳದೆ ಸಹಿ ಮಾಡಿ ಕೊಟ್ಟಿದ್ದ.

“ಯಾರ್ರೀ ಸಾಹೇಬ್ರ, ನಿಮ್ಮವರೇನ್ರಿ?” ಎಂದ ಕಾವಲಿನವನು.

“ಯಾರೋ ಊರವರು” ಎಂದೆ. ಭೂಮಿ ಕೊಟ್ಟ ಮನೆಯವರನ್ನು ಭದ್ರತೆಯ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ನಾನು ಜಮಖಂಡಿಯ ಬಾಡಿಗೆ ರೂಮಿನ ವಿಳಾಸ ಕೊಟ್ಟು ಸೇರಿದ್ದೆ. ಆ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ಮುಂದೆ ಎರಡು ದಿನ ಚೆಲ್ಲಿದ್ದನ್ನು ತಿನ್ನಲು ಬಂದ ಕಾಗೆಗಳು ಜಾಲರಿಯ ಮೇಲೆ ಕೂತು ಸೈರನ್ ಕೂಗಿಸಿದವು. ಮ್ಯಾನೇಜರ್ ಎಲ್ಲರೆದುರು ನನ್ನ ನೀರಿಳಿಸಿದ.

ಅರ್ಧ ತಾಸು ಅವಳನ್ನು ಒಳಗೆ ಬಿಡಿ ಎಂದು ಕೇಳಬಹುದಿತ್ತು. ಕೇಳಿದರೆ ನಾನು ಯಾರ ಮನೆಯವನೆಂದು ಹೇಳಬೇಕಾಗುತ್ತಿತ್ತು. ಅದರ ಬದಲು ಊರಿಗೆ ಹೋಗಿ ಅವಳಿಗೆ ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು ಹೇಳಿದೆ.

“ಬೇಲಿಗೆ ಕರೆಂಟ್ ಬಿಟ್ಟಾರ ದೊಡ್ಡವ್ವ. ನೀ ನೀರ ಚೆಲ್ಲತಿ, ನೀರಿಗುಂಟ ಬಂದು ಹಿಡಿತೈತಿ.”

ಕಬ್ಬಿಗೆ ಬರುವ ಹಂದಿಗೆಂದು ಹೊಲದ ತಂತಿಗೆ ಕರೆಂಟ್ ಕೊಟ್ಟು ಮನುಷ್ಯರೇ ಸತ್ತದ್ದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಅವಳು ನಂಬಿದಳು. “ಮತ್ತ ನೀ ದಿನಾ ಅದನ್ನ ಮುಟ್ಟತೀಯಲ್ಲೋ ತಮ್ಮಾ, ಜ್ವಾಕಿ” ಎಂದಳು. ನಾಚಿಕೆಯಿಂದ ಸತ್ತೆ. ಆದರೂ ಬಾಯಿ ಬಿಡಲಿಲ್ಲ.

ಮರುವರ್ಷ ಹಬ್ಬಕ್ಕೆಂದು ಊರಲ್ಲೇ ಉಳಿದಿದ್ದೆ. ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ದೊಡ್ಡವ್ವ ಒಂದು ದೊಡ್ಡ ಡಬ್ಬಿ ತಂದು ಗಾಡಿಗೆ ಸಿಗಿಸಿದಳು.

“ನೀ ಒಳಗ ಇರತಿ, ನಿನಗ ಯಾರ ಅಡ್ಡಿ? ನಮ್ಮ ಹೊಲಕ್ಕ ನೀನ ಚೆಲ್ಲಿ ಬಾ.”

ಡಬ್ಬಿ ಹಿಡಿದು ಏಳನೇ ಝೋನಿಗೆ ಹೋದೆ. ಮುಚ್ಚಳ ತೆಗೆದೆ. ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಒಂದು ತುತ್ತು ಚೆಲ್ಲಿದರೂ ಕಾಗೆಗಳು ಬರುತ್ತವೆ, ಬಂದರೆ ಬೇಲಿ ಕೂಗುತ್ತದೆ. ಆ ತಿಂಗಳು ಒಂದೂ ಸುಳ್ಳು ಅಲಾರಂ ಆಗಿರಲಿಲ್ಲ. ಪ್ಯಾನೆಲ್ಲಿನ ನೆರಳಲ್ಲಿ ಕೂತು ಅಷ್ಟನ್ನೂ ನಾನೇ ತಿಂದೆ. ಹೊಟ್ಟೆ ತುಂಬಿದ ಮೇಲೂ ತುರುಕಿದೆ, ಡಬ್ಬಿ ಖಾಲಿಯಾಗಬೇಕಲ್ಲ. ರುಚಿಯಾಗಿತ್ತು, ನನ್ನ ಮೇಲೆ ನನಗೆ ಇನ್ನೂ ಸಿಟ್ಟು ಬಂದದ್ದು ಅದಕ್ಕೇ.

ಸಂಜೆ ಅವಳು ಖಾಲಿ ಡಬ್ಬಿ ತೆರೆದು ನೋಡಿದಳು.

“ಚೆಲ್ಲಿದೇನೋ?”

“ಚೆಲ್ಲಿದೆ.”

“ಹುಲ್ಲುಲ್ಲಿಗೋ ಅಂತ ಕೂಗಿದೇನು?”

“ಕೂಗಿದೆ.”

ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡಳು. “ಹಸದಿದ್ದಳು ನಮ್ಮ ಭೂಮ್ತಾಯಿ. ನಿನ್ನ ಕೈಲೆ ಉಂಡ್ಳು ನೋಡು.”

ಮೂರು ವರ್ಷವಾಯಿತು. ಪ್ರತಿ ಎಳ್ಳು ಅಮಾವಾಸ್ಯೆಗೂ ಡಬ್ಬಿ ಬರುತ್ತದೆ, ಹೊಲದ ಊಟ ನಾನೇ ಉಣ್ಣುತ್ತಿದ್ದೇನೆ.