ಬಾರದ ಉತ್ತರಕ್ಕೆ ಸೊನ್ನೆ ಹಾಕದವರು

ಅಹಮದಾಬಾದಿನ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಧಾರವಾಡದ ಕಡೆಯವರು. ಯಾವ ದೇಶ ಎಷ್ಟು ಯುರೇನಿಯಂ ತೆಗೆಯಿತು, ಅದು ಯಾವ ದರಕ್ಕೆ ಮಾರಿಹೋಯಿತು ಎಂದು ಪತ್ರ ಬರೆದು ಕೇಳಿ, ಕೋಷ್ಟಕ ತುಂಬುವುದು ಅವರ ಕೆಲಸ. ಯುರೇನಿಯಂ ಅನ್ನು ಅವರು ಕಣ್ಣಾರೆ ಕಂಡವರಲ್ಲ. ಮಣಿನಗರದ ಮನೆಯಿಂದ ಬಂದು, ಹತ್ತಕ್ಕೆ ಐದು ನಿಮಿಷವಿರುವಾಗಲೇ ಕಂಪ್ಯೂಟರ್ ಪರದೆಯ ಖಾಲಿ ಚೌಕಗಳನ್ನು ಪೆನ್ಸಿಲ್ ತುದಿಯಿಂದ ಎಣಿಸುತ್ತಿದ್ದರು. "ಹೇಳಿಲ್ಲ ಅಂದ್ರ ಇಲ್ಲ ಅಂತಲ್ರೀ" ಎಂಬುದು ಅವರ ದಿನದ ಮಾತು.

ಒಮ್ಮೆ ವರದಿ ಸಂಜೆಯೊಳಗೆ ದೆಹಲಿಗೆ ಹೋಗಬೇಕಿತ್ತು. ಒಂದು ದೇಶದ ಉತ್ತರ ಬಂದಿರಲಿಲ್ಲ. ಮೈಸೂರಿನವರಾದ ನಮ್ಮ ಸಾಹೇಬರು ಬಂದು ನಿಂತರು. ಇವರ ಹುಬ್ಬಳ್ಳಿ ವರ್ಗಾವಣೆಯ ಅರ್ಜಿಗೆ ಸಹಿ ಹಾಕಬೇಕಾದವರೂ ಅವರೇ.

"ಒಂದು ಸೊನ್ನೆ ಹಾಕಿ ಕಳಿಸ್ರೀ. ಆ ಗಣಿ ಏನು ನಿಮ್ಮ ಮಾವಂದಾ?"

"ಮಾವಂದಾಗಿದ್ರ ಫೋನ್ ಹಚ್ಚಿ ಕೇಳ್ತಿದ್ದೆ, ಸರ್. ಅವ್ರು ಹೇಳದ್ದನ್ನ ನಾವು ಹೆಂಗ ಹೇಳೋದು?"

ಚೌಕ ಖಾಲಿಯಾಗಿಯೇ ಹೋಯಿತು. ಕೆಳಗೆ 'ಮಾಹಿತಿ ಬಂದಿಲ್ಲ' ಎಂಬ ಟಿಪ್ಪಣಿ. ಸಾಹೇಬರು ತಮ್ಮ ಕೋಣೆಗೆ ನಡೆದರು.

ವರ್ಗಾವಣೆಯ ಅರ್ಜಿಗೂ ಉತ್ತರ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ, "ಹುಬ್ಬಳ್ಳಿ ಇನ್ನು ಆಗೋದಿಲ್ಲ ಅಂತಾಯ್ತಾ?" ಎಂದು ಕೇಳಿದೆ.

"ಹಂಗಂತ ಯಾರೂ ಹೇಳಿಲ್ರೀ" ಎಂದು ಅವರು ಕೋಷ್ಟಕದ ಕಡೆ ತಿರುಗಿದರು.