ಹ್ಯಾಂಡ್‌ಗಾರ್ಡ್ ಆರಿಸುವವರೆಗೆ

ಸೌಜನ್ಯಳಿಗೆ ಹೆದರಿಕೆ ಹೊಸದೇನಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಸೀಕಾಕಸ್ ರೈಲು ಸ್ಟೇಷನ್ನಿನಿಂದ ಮನೆಗೆ ಓಡಿ ಬಂದವಳು. ದ್ರಾಕ್ಷಿಯನ್ನು ಸೀಳದೆ ಮಗಳ ತಟ್ಟೆಗೆ ಎಂದೂ ಹಾಕಿದವಳಲ್ಲ. ಮೈಸೂರಿನಲ್ಲಿ ಓದಿ, ಈಗ ಮ್ಯಾನ್‌ಹಾಟನ್ನಿನ ವಿಮಾ ಕಂಪನಿಯೊಂದಕ್ಕೆ ದಿನವೂ ರೈಲಿನಲ್ಲಿ ಹೋಗಿಬರುವ ಅವಳನ್ನು ಗಂಡ ನವನೀತ್ "ನಮ್ಮನೆ ಸ್ಮೋಕ್ ಅಲಾರ್ಮ್" ಎಂದು ರೇಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆ ಬೇಸಿಗೆಯಲ್ಲಿ ಅವನು ಆಫೀಸಿನ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ, ಗುರಿ ಹೊಡೆಯುವ ರುಚಿ ಹತ್ತಿ, ಪರವಾನಗಿ ಮಾಡಿಸಿ ಒಂದು ರೈಫಲ್ ತಂದ ಮೇಲೆ ಅವಳ ನಗು ನಿಂತಿತು.

ರೈಫಲ್ ಉಕ್ಕಿನ ಬೀರುವಿನಲ್ಲಿ ಬೀಗದೊಳಗಿತ್ತು, ಗುಂಡುಗಳು ಇನ್ನೊಂದು ಬೀಗದೊಳಗೆ. ಆದರೂ ಅವಳು ಆ ಕೋಣೆಯ ಮುಂದೆ ಹಾದುಹೋಗುವಾಗ ಐದು ವರ್ಷದ ಶ್ರದ್ಧಾಳನ್ನು ಎತ್ತಿಕೊಂಡೇ ಹೋಗುತ್ತಿದ್ದಳು. ನೆಲಕ್ಕೆ ಕಾಲಿಟ್ಟರೆ ಮಗು ಅತ್ತ ಓಡಿಬಿಡುತ್ತದೆ ಎಂಬಂತೆ.

ಗಣೇಶನ ಹಬ್ಬ ಕಳೆದ ಮೇಲೊಂದು ಶನಿವಾರ ನವನೀತ್ ರೈಫಲ್ಲನ್ನು ಬಿಚ್ಚಿ ಟವೆಲ್ ಮೇಲೆ ಹರಡಿದ್ದ.

"ಏನಾಯ್ತು, ಕೆಟ್ಟೋಯ್ತಾ?" ಎಂದಳು. ದನಿಯಲ್ಲಿ ಆಸೆ ಇತ್ತು.

"ಕೆಟ್ಟಿಲ್ಲ. ಹ್ಯಾಂಡ್‌ಗಾರ್ಡ್ ಬದಲಾಯಿಸ್ತೀನಿ. ಎಡಗೈಲಿ ಹಿಡ್ಕೊಳೋ ಭಾಗ, ನೋಡು. ಈ ಹಳೇ ಪ್ಲಾಸ್ಟಿಕ್ ನಳಿಗೆಗೆ ತಾಗ್ಕೊಂಡೇ ಇರುತ್ತೆ. ನಾನು ಒತ್ತಿ ಹಿಡಿದ್ರೆ ನಳಿಗೆನೂ ಒಂಚೂರು ಅಲುಗುತ್ತೆ, ಗುರಿ ಆಚೀಚೆ. ಫ್ರೀ ಫ್ಲೋಟ್ ಅಂತ ಬರುತ್ತೆ, ಅಲ್ಯೂಮಿನಿಯಂ ಕೊಳವೆ. ಬುಡದಲ್ಲಿ ಮಾತ್ರ ಕಚ್ಕೊಂಡಿರುತ್ತೆ, ಮುಂದೆ ನಳಿಗೆಗೆ ಏನೂ ತಾಗಲ್ಲ."

"ಈಗ ಇದ್ರಿಂದ ಗುಂಡು ಹಾರುತ್ತಾ?"

"ನಳಿಗೆನೇ ಬಿಚ್ಚಿಟ್ಟಿದೀನಿ, ಎಲ್ಲಿಂದ ಹಾರುತ್ತೆ? ಹೊಸದು ಬರೋವರ್ಗೂ ಬರೀ ಕಬ್ಬಿಣ."

ಬರೀ ಕಬ್ಬಿಣ. ಆ ರಾತ್ರಿ ಅವಳಿಗೆ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ಬೆಳಿಗ್ಗೆ ಎದ್ದವಳಿಗೆ ಒಂದು ಉಪಾಯವೂ ಹೊಳೆದಿತ್ತು. ಹೊಸದು ಬರುವವರೆಗೆ ತಾನೇ? ಬರದ ಹಾಗೆ ನೋಡಿಕೊಂಡರಾಯಿತು.

ಅಂದಿನಿಂದ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಅವಳೂ ಕೂರತೊಡಗಿದಳು, ಮಡಿಲಲ್ಲಿ ಶ್ರದ್ಧಾಳನ್ನು ಕೂರಿಸಿಕೊಂಡು. ನವನೀತನಿಗೆ ಹಿಗ್ಗೋ ಹಿಗ್ಗು. ಅವನು ಉದ್ದನೆಯದನ್ನು ತೋರಿಸಿದರೆ, "ಮೂಗಿಗಿಂತ ಮೂಗುತಿ ಭಾರ ಆಗಲ್ವಾ? ಮುಂದಕ್ಕೆ ವಾಲುತ್ತೆ" ಎನ್ನುವಳು. ಗಿಡ್ಡದನ್ನು ತೋರಿಸಿದರೆ, "ಕೈ ಚಾಚಿ ಹಿಡಿಯೋಕೆ ಜಾಗ ಎಲ್ಲಿದೆ?" ಸುತ್ತಲೂ ಹಲ್ಲುಹಲ್ಲಿನ ಲೋಹದ ಪಟ್ಟಿ ಇದ್ದದ್ದು ಅಂಗೈ ತರಚುತ್ತದೆ, ತೂತುಗಳಿದ್ದದ್ದು ಹಗುರ, ಆದರೆ ಬಿಸಿಯಾಗುತ್ತದೆ. ಒಂದೂ ಸುಳ್ಳಲ್ಲ, ಎಲ್ಲ ಓದಿಕೊಂಡೇ ಹೇಳುತ್ತಿದ್ದಳು. ಶ್ರದ್ಧಾ ಕೇಳಿದರೆ, ಫ್ರೀ ಫ್ಲೋಟ್ ಅಂದರೆ ನಳಿಗೆಗೆ ತಾಗದ್ದು ಎಂದು ಅವಳಿಗೂ ಬಿಡಿಸಿ ಹೇಳುತ್ತಿದ್ದಳು. ಅವನು ಒಮ್ಮೆ ಕೊಳ್ಳುವ ಬಟನ್ ಮೇಲೆ ಬೆರಳಿಟ್ಟೇಬಿಟ್ಟಾಗ ಅವಳು ತಟ್ಟನೆ ಅವನ ಕೈ ಹಿಡಿದಳು.

"ನವೀ, ಪಿತೃಪಕ್ಷ ಶುರುವಾಗಿದೆ. ಹೊಸದು ಯಾರಾದ್ರೂ ತರ್ತಾರಾ?"

"ಅಮೆಜಾನ್‌ನಲ್ಲಿ ಹಾಲು ತರಿಸ್ದೆಯಲ್ಲ ನಿನ್ನೆ?"

"ಹಾಲು ಬೇರೆ, ಕಬ್ಬಿಣ ಬೇರೆ."

ಪಿತೃಪಕ್ಷ ಹೀಗೆ ದಾಟಿತು. ಮಂಡ್ಯದಿಂದ ಬಂದಿದ್ದ ಅತ್ತೆ ಕೃಷ್ಣಮ್ಮ ತನ್ನ ಕಡೆ ನಿಲ್ಲುತ್ತಾರೆಂದು ಅವಳು ನಂಬಿದ್ದಳು. ಆದರೆ ನವರಾತ್ರಿಗೆ ಕಳಶ ಇಡುವಾಗ ಅವರೇ ಮಗನಿಗೆ ಹೇಳಿದರು: "ಆಯುಧಪೂಜೆಗೆ ಕೋವಿ ಇಡ್ಬೇಕು ಕಣಪ್ಪ. ಬಿಡಿಬಿಡಿ ಇಡಂಗಿಲ್ಲ. ಭಿನ್ನವಾದದ್ದು ದೇವರಿಗೆ ಆಗಲ್ಲ, ಸೇರ್ಸಿ ಇಡು."

"ಚಾಕು, ಮಿಕ್ಸಿ, ಕಾರು ಇದೆಯಲ್ಲ ಅತ್ತೆ. ಸಾಲಲ್ವಾ?"

"ಮಿಕ್ಸಿ ಇಟ್ಟು ಕೋವಿ ಮುಚ್ಚಿಟ್ರೆ ಚಾಮುಂಡಿ ನಗ್ತಾಳೆ ಕಣಮ್ಮ."

ಇನ್ನು ಕೊಳ್ಳುವುದನ್ನು ತಡೆಯಲಾಗಲಿಲ್ಲ. ಕೊನೆಯ ಆಸೆಯಿಂದ ಅವಳೇ ಒಂದನ್ನು ಬೆರಳಿಟ್ಟು ತೋರಿಸಿದಳು. ಅದಕ್ಕೆ ಅದರದೇ ನಟ್ಟನ್ನು ಬೇರೆಯಾಗಿ ಕೊಳ್ಳಬೇಕು, ಇಲ್ಲದಿದ್ದರೆ ಬುಡದಲ್ಲಿ ಕೂರುವುದೇ ಇಲ್ಲ ಎಂದು ಯಾರೋ ಬರೆದಿದ್ದನ್ನು ಓದಿದ್ದಳು. ನವನೀತ್ ಹೆಂಡತಿಯ ಆಯ್ಕೆಯೆಂದು ಮರುಮಾತಿಲ್ಲದೆ ತರಿಸಿದ. ಡಬ್ಬಿ ಒಡೆದಾಗ ಕೊಳವೆಯ ಪಕ್ಕದಲ್ಲೇ ಆ ನಟ್ಟೂ ಪುಟ್ಟ ಚೀಲದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ರೈಫಲ್ ಸಿದ್ಧ. "ಸಕ್ಕತ್ತಾಗಿ ಕೂತಿದೆ, ಸೌಜು. ನಿನ್ ಕಣ್ಣೇ ಕಣ್ಣು" ಎಂದ.

ಆಯುಧಪೂಜೆಯ ದಿನ ಕೆಂಪು ವಸ್ತ್ರದ ಮೇಲೆ ಚಾಕು, ಕತ್ತರಿ, ಲ್ಯಾಪ್‌ಟಾಪುಗಳ ನಡುವೆ ರೈಫಲ್ ಮಲಗಿತ್ತು. ಗುಂಡಿಲ್ಲವೆಂದು ನವನೀತ್ ಅವಳಿಗೆ ಒಳಗೆಲ್ಲ ತೆರೆದು ತೋರಿಸಿದ್ದ. ಅವಳು ನೋಡಿದ್ದಳು, ನಂಬಿರಲಿಲ್ಲ. ಮಂಗಳಾರತಿಯಾಯಿತು. ತಾಯಿ ಮಗ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಹೊರಗೆ ಹೋದರು. ಸೌಜನ್ಯ ಕೋಸಂಬರಿಯ ಪಾತ್ರೆ ತರಲು ಅಡುಗೆಮನೆಗೆ ತಿರುಗಿದಳು, ಅಷ್ಟೇ.

ಬಂದು ನೋಡಿದರೆ ಶ್ರದ್ಧಾ ಮಂಡಿಯೂರಿ ಕೂತಿದ್ದಳು. ಎಡಗೈ ಚಾಚಿ ಹೊಸ ಹ್ಯಾಂಡ್‌ಗಾರ್ಡನ್ನು ಸುತ್ತಿ ಹಿಡಿದಿದ್ದಳು, ಲ್ಯಾಪ್‌ಟಾಪಿನ ಚಿತ್ರಗಳಲ್ಲಿ ಹಿಡಿದಿದ್ದಂತೆಯೇ. ಬಲಗೈ ಹಿಂದಕ್ಕೆ, ಟ್ರಿಗರ್ ಇರುವ ಕಡೆಗೆ ತಡವರಿಸುತ್ತಿತ್ತು.

ಸೌಜನ್ಯ ಅಲ್ಲೇ ನಿಂತಳು. ಕೂಗಿದರೆ ಮಗು ಬೆಚ್ಚುತ್ತದೆ. "ಪುಟ್ಟೀ, ಕೈ ತೆಗಿ" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಇಟ್ಸ್ ಓಕೆ ಅಮ್ಮಾ. ಇಟ್ಸ್ ಫ್ರೀ ಫ್ಲೋಟ್. ಇಟ್ ಡಸಂಟ್ ಟಚ್."

"ಯಾರು ಹೇಳಿದ್ದು ನಿಂಗೆ?"

"ಯೂ ಡಿಡ್." ಮಗುವಿಗೆ ಆಶ್ಚರ್ಯ. "ಯೂ ಪಿಕ್ಡ್ ಇಟ್."

ಸೌಜನ್ಯ ಮಗುವನ್ನು ಬಾಚಿ ಎತ್ತಿಕೊಂಡಳು. ಕೈಯಿಂದ ಜಾರಿದ ಪಾತ್ರೆಯ ಸದ್ದಿಗೆ ಒಳಗೆ ಬಂದ ನವನೀತನಿಗೆ ಎಲ್ಲವನ್ನೂ ಹೇಳಿದಳು. ತನಗೆ ಯಾವುದೂ ಬೇಡವಾಗಿತ್ತು, ಬರೀ ದಿನ ದೂಡುತ್ತಿದ್ದೆ, ಆ ನಟ್ಟು ಬರಬಾರದಿತ್ತು ಎಂದೂ.

"ಭಯ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ ಅವನು.

"ಹೇಳಿದ್ರೆ ಸ್ಮೋಕ್ ಅಲಾರ್ಮ್ ಅಂತಿದ್ದೆ."

ಕೃಷ್ಣಮ್ಮ ಬಾಗಿಲಲ್ಲೇ ನಿಂತು, "ತಗೊಂಡೋಗಪ್ಪ. ಇಟ್ಟಿದ್ದಾಯ್ತು, ಪೂಜೆನೂ ಆಯ್ತು" ಎಂದರು. ಶೂಟಿಂಗ್ ರೇಂಜಿನಲ್ಲಿ ಲಾಕರ್ ಸಿಗುತ್ತದೆಯೇ ಎಂದು ಅವನು ಅಲ್ಲೇ ಫೋನ್ ಮಾಡಿ ಕೇಳಿದ. ಸಂಜೆಯೊಳಗೆ ರೈಫಲ್ ಮನೆಯಿಂದ ಹೊರಟಿತು.

ಕಾರು ತಿರುವಿನಲ್ಲಿ ಮರೆಯಾದ ಮೇಲೂ ಸೌಜನ್ಯ ಕಿಟಕಿ ಬಿಟ್ಟು ಕದಲಲಿಲ್ಲ. ಶ್ರದ್ಧಾ ಸೋಫಾದ ಮೇಲೆ ಗೊಂಬೆಗೆ ಪಾಠ ಹೇಳುತ್ತಿದ್ದಳು. ಅವಳ ಪುಟ್ಟ ಎಡಗೈ ಗಾಳಿಯಲ್ಲಿ ಚಾಚಿತ್ತು, ಬೆರಳುಗಳು ಕೊಳವೆಯ ಅಳತೆಗೆ ಸರಿಯಾಗಿ ಬಾಗಿದ್ದವು.